ಕಂಡದ್ದು, ಮಾಡಿದ್ದು

ಸುತ್ತಿಗೆಯಕ್ಕ ಎಂದರೆ ಆ ರೈಲ್ವೆ ಲೈನಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ; ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವಳೇ ಹಿಂದೆ ತಿರುಗಿ, ಬೇರೆ ಯಾರಿದ್ದಾರೆ ಎಂದು ನೋಡುತ್ತಾಳೆ. ವಯಸ್ಸು ಐವತ್ತೆರಡು. ಎಡಗೈಗಿಂತ ಬಲಗೈ ಒಂದು ಸುತ್ತು ದಪ್ಪ. ಮಾತು ಎಷ್ಟು ಕಡಿಮೆ ಎಂದರೆ, ಅವಳು ಕೆಮ್ಮಿದರೂ ಗ್ಯಾಂಗಿನವರು “ಏನಕ್ಕ, ಏನಾದ್ರೂ ಹೇಳಿದ್ರಾ?” ಎಂದು ಕೇಳುತ್ತಾರೆ.

ಅವಳು ರೈಲು ಹಳಿಯ ಕೀಮ್ಯಾನ್. ಹೆಂಗಸಾದರೂ ಹುದ್ದೆಯ ಹೆಸರು ಅದೇ; ಬದಲಾಯಿಸಬೇಕೆಂದು ಇಲಾಖೆಗೆ ತೋಚಲಿಲ್ಲ, ಅವಳೂ ಕೇಳಲಿಲ್ಲ. ಕೆಲಸ ಹೇಳುವುದಕ್ಕೆ ಸುಲಭ. ಹಳಿಯನ್ನು ಅದರ ಕೆಳಗೆ ಅಡ್ಡ ಹಾಸಿದ ಸ್ಲೀಪರಿಗೆ ಕಚ್ಚಿ ಹಿಡಿಯುವ ಕಬ್ಬಿಣದ ಕೀಗಳಿರುತ್ತವೆ. ಗಾಡಿ ಓಡಿದ ಹಾಗೆಲ್ಲ ಅವು ಸಡಿಲವಾಗುತ್ತವೆ. ಬೆಳಿಗ್ಗೆ ಶೆಡ್ಡಿನಿಂದ ಸುತ್ತಿಗೆ, ಸ್ಪ್ಯಾನರು, ಕೆಂಪು ಹಸಿರು ಬಾವುಟ ತೆಗೆದುಕೊಂಡು ಹೊರಟರೆ ಆರು ಕಿಲೋಮೀಟರು ಬಲಗಡೆಯ ಹಳಿ ನೋಡುತ್ತಾ ಹೋಗಬೇಕು, ಸೇತುವೆ ಮುಟ್ಟಿ ಎಡಗಡೆಯ ಹಳಿ ನೋಡುತ್ತಾ ಬರಬೇಕು. ಗಟ್ಟಿ ಇರುವ ಕೀ ಸುತ್ತಿಗೆ ತಾಗಿದರೆ ಟಣ್ ಎನ್ನುತ್ತದೆ, ಸಡಿಲವಾದದ್ದು ಥಪ್ ಎನ್ನುತ್ತದೆ. ಥಪ್ ಎಂದದ್ದನ್ನು ಟಣ್ ಎನ್ನಿಸಿ ಮುಂದೆ ಹೋಗುವುದು. ಹದಿನೈದು ವರ್ಷದಲ್ಲಿ ಅವಳ ಆರು ಕಿಲೋಮೀಟರಿನಲ್ಲಿ ಒಂದು ಗಾಡಿಯೂ ನಿಂತಿಲ್ಲ, ಒಂದು ಚಕ್ರವೂ ಜಾರಿಲ್ಲ. ಹೀಗೆ ಏನೂ ಆಗದಂತೆ ನೋಡಿಕೊಂಡವರಿಗೆ ಯಾರೂ ಹಾರ ಹಾಕುವುದಿಲ್ಲ ಎನ್ನುವುದು ಲೋಕಾರೂಢಿ.

ದೇಶ ಸುತ್ತು, ಇಲ್ಲವೇ ಕೋಶ ಓದು ಎನ್ನುತ್ತಾರೆ. ಅವಳ ನಾದಿನಿ, ಎಂದರೆ ಗಂಡನ ತಂಗಿ, ದೂರದ ಪಟ್ಟಣದಲ್ಲಿ ಶಾಲೆಯ ಮೇಡಂ. ಒಂದು ರಜೆಯಲ್ಲಿ ಬಂದವಳು ಸುಮ್ಮನಿರಲಾರದೆ ಲೆಕ್ಕ ಹಾಕಿದಳು. ದಿನಕ್ಕೆ ಹನ್ನೆರಡು ಕಿಲೋಮೀಟರು, ವರ್ಷಕ್ಕೆ ಮುನ್ನೂರು ದಿನ, ಹದಿನೈದು ವರ್ಷ. “ಅತ್ತಿಗೆ, ನೀವು ಭೂಮೀನ ಒಂದು ಸುತ್ತು ಹಾಕಿ ಮುಗಿಸಿ, ಎರಡನೇ ಸುತ್ತಿಗೆ ಹೊರಟಿದೀರಾ!” ಎಂದಳು. ಸುತ್ತಿಗೆಯಕ್ಕ ಅಕ್ಕಿಯಿಂದ ಕಲ್ಲು ಆರಿಸುತ್ತಾ, “ಹೌದಾ? ಸೇತುವೆ ಆಚೆ ಏನಿದೆ ಅಂತ ನಂಗೆ ಗೊತ್ತಿಲ್ಲ,” ಎಂದಳು.

ನಿಜಕ್ಕೂ ಗೊತ್ತಿರಲಿಲ್ಲ. ಸೇತುವೆಯ ಆಚೆ ಇನ್ನೊಬ್ಬ ಕೀಮ್ಯಾನಿನ ಸರಹದ್ದು. ಆತ ಒಮ್ಮೊಮ್ಮೆ ಆ ತುದಿಯಲ್ಲಿ ಕಾಣಿಸುತ್ತಿದ್ದ, ಕೈ ಎತ್ತುತ್ತಿದ್ದ, ಇವಳೂ ಕೈ ಎತ್ತುತ್ತಿದ್ದಳು. ಅಷ್ಟಕ್ಕೇ ಅಂದಿನ ಒಡನಾಟ ಮುಗಿಯುತ್ತಿತ್ತು. ದಿನಕ್ಕೆ ಹದಿನಾಲ್ಕು ಗಾಡಿ, ಸಾವಿರಾರು ಮುಖಗಳು ಅವಳ ಮುಂದೆಯೇ ಹಾದುಹೋಗುತ್ತಿದ್ದವು. ಅವುಗಳಲ್ಲಿ ಒಂದೂ ಎರಡನೆಯ ಸಲ ಕಂಡದ್ದಿಲ್ಲ. ಸಂಜೆ ಎರಡು ಕೋಣೆಯ ಕ್ವಾರ್ಟರ್ಸಿಗೆ ಬಂದು ಬೀಗ ತೆಗೆದರೆ, ಬೆಳಿಗ್ಗೆ ಲೋಟ ಎಲ್ಲಿಟ್ಟಿದ್ದಳೋ ಅಲ್ಲೇ ಇರುತ್ತಿತ್ತು. ಒಂಟಿತನ ಎಂದರೆ ಏನು ಎಂದು ಯಾರಾದರೂ ಕೇಳಿದ್ದರೆ ಅವಳು ಆ ಲೋಟವನ್ನು ತೋರಿಸುತ್ತಿದ್ದಳೋ ಏನೋ. ಕೇಳುವವರು ಇರಲಿಲ್ಲ, ಅದು ಬೇರೆ ಮಾತು.

ಮೊದಲು ಅದೇ ಸುತ್ತಿಗೆ, ಅದೇ ಆರು ಕಿಲೋಮೀಟರು ಅವಳ ಗಂಡನದಾಗಿತ್ತು. ಆತನೂ ಮಾತಿನ ಮಲ್ಲನಲ್ಲ. ಮದುವೆಯಾದ ಹೊಸತರಲ್ಲಿ ಒಂದು ದಿನ ಆತ ಊಟದ ಡಬ್ಬಿ ಮರೆತು ಹೋದ. ಇವಳು ಡಬ್ಬಿ ಹಿಡಿದು ಹಳಿ ಪಕ್ಕದಲ್ಲೇ ಐದೂವರೆ ಕಿಲೋಮೀಟರು ನಡೆದಳು. ಆತ ಸಿಕ್ಕಿದ್ದು, ಹಳೆಯ ಮರದ ಸ್ಲೀಪರುಗಳನ್ನು ಒಟ್ಟಿದ್ದ ಒಂದು ಜಾಗದಲ್ಲಿ. ಇಬ್ಬರೂ ಸ್ಲೀಪರುಗಳ ಮೇಲೆ ಕೂತು ಒಂದೇ ಡಬ್ಬಿಯಿಂದ ಉಂಡರು. ಉಂಡಾದ ಮೇಲೆ ಆತ ಸುತ್ತಿಗೆ ತೆಗೆದು ಎರಡು ಕೀಗಳಿಗೆ ತಟ್ಟಿ, “ಕೇಳು, ಇದು ಗಟ್ಟಿ. ಇದು ಪೊಳ್ಳು,” ಎಂದ. ಹೆಂಡತಿಗೆ ಹೇಳುವುದಕ್ಕೆ ಇನ್ನೇನೂ ಸಿಗಲಿಲ್ಲ, ಪಾಪ. ಅವಳಿಗೆ ಮಾತ್ರ ಅಷ್ಟು ಸಂತೋಷವಾದ ದಿನ ಆಮೇಲೆ ಬರಲಿಲ್ಲ.

ಮಕ್ಕಳಾಗಲಿಲ್ಲ. ಆತ ಹನ್ನೊಂದು ದಿನ ಜ್ವರದಲ್ಲಿ ಮಲಗಿ, ಹನ್ನೆರಡನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅವಳು ಅಳಲಿಲ್ಲ. ಆಸ್ಪತ್ರೆಯ ಕಾಗದ, ಇಲಾಖೆಯ ಕಾಗದ, ಕ್ವಾರ್ಟರ್ಸು ಖಾಲಿ ಮಾಡಬೇಕೋ ಬೇಡವೋ ಎನ್ನುವ ಕಾಗದ, ಒಂದರ ಹಿಂದೆ ಒಂದು. ಅಳುವುದಕ್ಕೆ ಬಿಡುವೇ ಸಿಗಲಿಲ್ಲ ಎಂದರೂ ತಪ್ಪಿಲ್ಲ. ನೋಡಿದವರು “ಗಟ್ಟಿ ಹೆಂಗಸು” ಎಂದರು. ವರ್ಷ ತುಂಬುವುದರೊಳಗೆ ಗಂಡನ ಕೆಲಸ ಅವಳಿಗೆ ಬಂತು.

ಕೆಲಸ ಕಲಿಸಿದ ಮುದುಕ ಮೇಷ್ಟರು ಮೊದಲ ದಿನವೇ ಹೇಳಿದ್ದು ಒಂದು ನಿಯಮ. ಕೀಮ್ಯಾನಿಗೆ ದಿನವೂ ಬರೆಯುವ ಡೈರಿ ಇರುತ್ತದೆ, ಅದರಲ್ಲಿ ಮೂರು ಮನೆ: ಕಲ್ಲಿನ ನಂಬರು, ಕಂಡದ್ದು, ಮಾಡಿದ್ದು. ಹಳಿಯ ಪಕ್ಕದಲ್ಲಿ ಕಿಲೋಮೀಟರಿಗೆ ಹತ್ತರಂತೆ ನಂಬರಿನ ಕಲ್ಲುಗಳಿರುತ್ತವೆ. ೨೧೨/೮ ಎಂದರೆ ಇನ್ನೂರ ಹನ್ನೆರಡನೆಯ ಕಿಲೋಮೀಟರಿನ ಎಂಟನೆಯ ಕಲ್ಲು. “ಕಂಡದ್ದನ್ನ ಬರೀರಿ, ಮಾಡಿದ್ದನ್ನ ಬರೀರಿ. ಅನ್ನಿಸಿದ್ದನ್ನ ಬರೀಬೇಡಿ. ಅನ್ನಿಸೋದಕ್ಕೆ ಮನೆ ಇಲ್ಲ,” ಎಂದಿದ್ದರು ಮೇಷ್ಟರು.

ಅವಳು ಅದನ್ನು ವೇದವಾಕ್ಯವೆಂದೇ ಹಿಡಿದಳು. ಆದರೆ ಮೂರು ವರ್ಷ ಬರೆದ ಮೇಲೆ ಅವಳಿಗೆ ಒಂದು ತೊಡಕು ಕಾಣಿಸಿತು. ಅವಳು ದಿನವೂ ಕಾಣುತ್ತಿದ್ದದ್ದರಲ್ಲಿ ನೂರಕ್ಕೆ ತೊಂಬತ್ತರಷ್ಟು ಡೈರಿಗೆ ಬೇಕಾಗಿರಲಿಲ್ಲ. ಬೇಡವೆಂದು ಬಿಟ್ಟದ್ದನ್ನು ಹೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ? ಹಾಗಾಗಿ ಶೆಡ್ಡಿನಲ್ಲಿ ಮಿಕ್ಕುತ್ತಿದ್ದ ಖಾಲಿ ಡೈರಿಗಳನ್ನು ತಿಂಗಳಿಗೊಂದರಂತೆ ಗ್ಯಾಂಗಿನ ಮೇಸ್ತ್ರಿಯನ್ನು ಕೇಳಿ ಪಡೆದು, ಅದರಲ್ಲೂ ಬರೆಯತೊಡಗಿದಳು. ಮನೆಗಳು ಅವೇ ಮೂರು, ನಿಯಮವೂ ಅದೇ. ಈಚಿನ ಕೆಲವು ಸಾಲುಗಳು:

೨೧೦/೪. ಕಂಡದ್ದು: ಒಂದು ಚಪ್ಪಲಿ, ಎಡಗಾಲಿನದು. ಮಾಡಿದ್ದು: ಬಲಗಾಲಿನದನ್ನು ಹುಡುಕಿದೆ. ಆರು ದಿನ.

೨೧೧/೮. ಕಂಡದ್ದು: ಗಾಡಿಯ ಕಿಟಕಿಯಲ್ಲಿ ಒಂದು ಕೈ ಬೀಸಿತು. ಮಾಡಿದ್ದು: ಹಸಿರು ಬಾವುಟ ತೋರಿಸಿದೆ.

೨೧೨/೧. ಕಂಡದ್ದು: ದೂರದಲ್ಲಿ ಎರಡು ಹಳಿ ಕೂಡಿವೆ. ಮಾಡಿದ್ದು: ಹೋಗಿ ನೋಡಿದೆ. ಕೂಡಿಲ್ಲ.

ಬರೆದದ್ದನ್ನು ಅವಳು ಮತ್ತೆ ಓದುತ್ತಿದ್ದುದು ಮನೆಯಲ್ಲಲ್ಲ, ಮರುದಿನ ಅದೇ ಕಲ್ಲಿನ ಹತ್ತಿರ ನಿಂತು. ಮನೆಯಲ್ಲಿ ಓದಿದರೆ ಅದು ಪಟ್ಟಿ. ಕಲ್ಲಿನ ಹತ್ತಿರ ಓದಿದರೆ ಬೇರೆ ಏನೋ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗಲು ಕೆಲವು ಸಲ ಇಪ್ಪತ್ತು ನಿಮಿಷ ನಡೆಯಬೇಕಾಗುತ್ತಿತ್ತು. ಆ ಇಪ್ಪತ್ತು ನಿಮಿಷವೂ ಅದರೊಳಗೇ ಸೇರಿದ್ದು ಎಂದು ಅವಳು ತಿಳಿದಿದ್ದಳು.

ಇನ್ನು ೨೧೪/೬. ಅದೇ, ಹಳೆಯ ಸ್ಲೀಪರುಗಳ ರಾಶಿಯ ಜಾಗ. ಎರಡನೆಯ ಡೈರಿ ಶುರುವಾದ ತಿಂಗಳಲ್ಲೇ ಒಂದು ಬೆಳಿಗ್ಗೆ ಅವಳು ಅಲ್ಲಿಗೆ ಬಂದಾಗ ಗಂಡ ಕೂತಿದ್ದ. ಕಂಡಳು ಎಂದರೆ ಕಂಡಳು. ನಂಬುವವರು ನಂಬಿ, ಬಿಡುವವರು ಬಿಡಿ. ಅವಳಿಗೆ ತಲೆ ಕೆಟ್ಟಿರಲಿಲ್ಲ. ಆತ ಸತ್ತಿರುವುದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೋಗಿ ಪಕ್ಕದಲ್ಲಿ ಕೂತಳು. ಆತ ತಿರುಗಿ ನೋಡಲಿಲ್ಲ, ಮಾತಾಡಲಿಲ್ಲ. ಬದುಕಿದ್ದಾಗಲೂ ಹಾಗೇ ತಾನೇ. ಡಬ್ಬಿ ಬಿಚ್ಚಿ ಉಂಡಳು, ಎದ್ದು ಹೋದಳು. ಮರುದಿನವೂ ಆತ ಇದ್ದ. ಆಮೇಲೆ ಹನ್ನೆರಡು ವರ್ಷ, ರಜೆಯ ದಿನ ಬಿಟ್ಟು, ದಿನವೂ ಇದ್ದ. ಡೈರಿಯಲ್ಲಿ ಉಳಿದ ಸಾಲುಗಳು ದಿನದಿನಕ್ಕೆ ಬದಲಾಗುತ್ತಿದ್ದವು, ಇದೊಂದು ಬದಲಾಗಲಿಲ್ಲ:

೨೧೪/೬. ಕಂಡದ್ದು: ಅವರು ಕೂತಿದ್ದಾರೆ. ಮಾಡಿದ್ದು: ಪಕ್ಕದಲ್ಲಿ ಕೂತೆ.

ನಾದಿನಿ ರಜೆಗೆ ಬಂದಾಗ ಆ ಪುಸ್ತಕಗಳಲ್ಲಿ ಒಂದು ಅವಳ ಕೈಗೆ ಸಿಕ್ಕಿತು. ಓದುತ್ತಾ ಓದುತ್ತಾ ಅವಳು ಕೂತ ಜಾಗದಿಂದ ಅಲ್ಲಾಡಲಿಲ್ಲ. “ಅತ್ತಿಗೆ, ಇದು ಪದ್ಯ,” ಎಂದಳು.

“ಸುಮ್ನಿರು. ಪದ್ಯ ಅಂದ್ರೆ ಪ್ರಾಸ ಇರುತ್ತೆ.”

“ಈಗ ಪ್ರಾಸ ಯಾರು ಕೇಳ್ತಾರೆ? ಪ್ರಯೋಗ ಅಂತಾರೆ ಇದಕ್ಕೆ. ಊರು ಸುತ್ತಿ ಬಂದು, ಕಂಡಿದ್ದನ್ನ ಹೊಸ ಥರ ಬರೆಯೋರು ಪೇಟೇಲಿ ಬೇಕಾದಷ್ಟು ಜನ ಇದಾರೆ. ವಿಮಾನದಲ್ಲಿ ಹೋಗಿ ಬಂದು ಬರೀತಾರೆ. ನೀವು ನಡ್ಕೊಂಡು ಹೋಗಿ ಬಂದು ಬರ್ದಿದೀರಾ, ಅಷ್ಟೇ ವ್ಯತ್ಯಾಸ.” ಆಮೇಲೆ ೨೧೪/೬ರ ಸಾಲಿಗೆ ಬಂದು ನಾದಿನಿ ಕಣ್ಣೊರೆಸಿಕೊಂಡಳು. “ಅಣ್ಣ ಇನ್ನೂ ಅಲ್ಲೇ ಇದಾನಾ ಅತ್ತಿಗೆ?”

“ಇದಾರೆ.”

ನಾದಿನಿ ಬಿಡಲಿಲ್ಲ, ಹತ್ತು ಪುಟ ಚೆಂದವಾಗಿ ಬರೆದು ಒಂದು ಪತ್ರಿಕೆಗೆ ಕಳಿಸಿದಳು. ಎರಡು ತಿಂಗಳಿಗೆ ಸಂಪಾದಕರ ಉತ್ತರ ಬಂತು: ಪಟ್ಟಿ ಚೆನ್ನಾಗಿದೆ, ಇದರಿಂದ ಪದ್ಯ ಬರೆದು ಕಳಿಸಿ. ನಾದಿನಿ ಕೆಂಡಾಮಂಡಲವಾದಳು. ಸುತ್ತಿಗೆಯಕ್ಕ ಮಾತ್ರ ಬಹಳ ದಿನದ ಮೇಲೆ ನಕ್ಕಳು. ಅವರದ್ದೇನೂ ತಪ್ಪಿಲ್ಲ, ಕುರ್ಚಿಯಲ್ಲಿ ಕೂತು ಓದಿದರೆ ಅದು ಪಟ್ಟಿಯೇ, ಎಂದು ಸಮಾಧಾನ ಹೇಳಿದಳು. ಆದರೂ ಯಾರಾದರೂ ಒಬ್ಬರು, ಒಂದೇ ಒಂದು ಸಲ, ತನ್ನ ಜೊತೆ ನಡೆಯುತ್ತಾ ಅದನ್ನು ಓದಿದ್ದರೆ ಎನ್ನುವ ಆಸೆ ಅವಳ ಹೊಟ್ಟೆಯಲ್ಲಿ ಉಳಿಯಿತು. ನಾದಿನಿಗೆ ಮಂಡಿನೋವು, ಅರ್ಧ ಕಿಲೋಮೀಟರು ನಡೆಯಲಾರಳು.

ಇಷ್ಟರಲ್ಲಿ ಹೊಸ ಇನ್‌ಸ್ಪೆಕ್ಟರು ಬಂದರು. ಗ್ಯಾಂಗಿನವರು ಇಟ್ಟ ಹೆಸರು ಅಳತೆಪಟ್ಟಿ ಸಾಹೇಬರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಮಾತನ್ನು ಯಾರೋ ಅವರಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿರಬೇಕು. ಅಳೆಯದೆ ಅವರು ಏನನ್ನೂ ನಂಬುತ್ತಿರಲಿಲ್ಲ, ಅಳೆದ ಮೇಲೆ ಏನನ್ನೂ ಮರೆಯುತ್ತಿರಲಿಲ್ಲ. ಕೆಟ್ಟವರಲ್ಲ. ಹಿಂದಿನವರು ತಿಂಗಳ ಡೈರಿಗಳನ್ನು ತೂಕ ನೋಡಿ ರುಜು ಹಾಕುತ್ತಿದ್ದರು. ಇವರು ಓದಿ ರುಜು ಹಾಕುತ್ತಿದ್ದರು.

ಅದೇ ಎಡವಟ್ಟಾಯಿತು. ಎರಡೂ ಡೈರಿಗಳ ರಟ್ಟು ಒಂದೇ ಬಣ್ಣ, ಒಂದೇ ಮುದ್ರೆ. ಕೆಲಸದ ಡೈರಿಗೆ ಗುರುತಿಗೆಂದು ಅವಳು ಕಟ್ಟಿದ್ದ ದಾರ ಎಲ್ಲೋ ಹರಿದುಬಿದ್ದಿತ್ತು. ತಿಂಗಳ ಮೊದಲ ದಿನ ಮೇಸ್ತ್ರಿ ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಅವಳು ಅವಸರದಲ್ಲಿ ಹಿಂದಿನ ತಿಂಗಳ ತನ್ನ ಡೈರಿಯನ್ನು ಕೊಟ್ಟುಬಿಟ್ಟಳು. ನಾಲ್ಕನೆಯ ದಿನ ಕರೆ ಬಂತು.

ಆಫೀಸಿನಲ್ಲಿ ಮೇಜಿನ ಮೇಲೆ ಎರಡು ಡೈರಿಗಳನ್ನೂ ಬಿಚ್ಚಿಟ್ಟಿದ್ದರು. ಕೆಲಸದ ಡೈರಿಯನ್ನು ಮೇಸ್ತ್ರಿಯ ಕೈಯಲ್ಲಿ ಅವಳ ಮನೆಯಿಂದ ತರಿಸಿಕೊಂಡಿದ್ದರು. ಮೇಸ್ತ್ರಿ ಬಾಗಿಲ ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳ ಗಂಡನ ಜೊತೆ ಕೆಲಸ ಮಾಡಿದವನು, ಅವಳಿಗಿಂತ ಎರಡು ವರ್ಷ ಚಿಕ್ಕವನು.

“ಈ ಪುಸ್ತಕದಲ್ಲಿ ಇನ್ನೂರ ಹದಿನಾಲ್ಕರ ಆರರಲ್ಲಿ ‘ಸರಿಯಿದೆ’ ಅಂತ ಬರ್ದಿದೀರಿ,” ಎಂದರು ಇನ್‌ಸ್ಪೆಕ್ಟರು. “ಇದರಲ್ಲಿ ‘ಅವರು ಕೂತಿದ್ದಾರೆ’ ಅಂತಿದೆ. ಒಂದು ದಿನ ಅಲ್ಲ, ಇಪ್ಪತ್ತಾರು ದಿನ. ಹಳಿ ಪಕ್ಕ ದಿನಾ ಬಂದು ಕೂರೋ ಈ ಮನುಷ್ಯ ಯಾರು?”

“ನಮ್ಮೋರು ಸಾರ್.”

“ನಿಮ್ಮೋರು ಅಂದ್ರೆ?”

“ನಮ್ಮ ಯಜಮಾನ್ರು.”

“ಡ್ಯೂಟಿ ಟೈಮಲ್ಲಿ ಯಜಮಾನ್ರನ್ನ ಕರ್ಕೊಂಡು ಹೋಗ್ತೀರಾ? ಅವರಿಗೆ ಪಾಸ್ ಇದೆಯಾ?”

ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದ. “ಸಾರ್, ಅವರು ತೀರ್ಕೊಂಡು ಹದಿನಾರು ವರ್ಷ ಆಯ್ತು.”

ಇನ್‌ಸ್ಪೆಕ್ಟರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಬೇರೆಯವರಾಗಿದ್ದರೆ ಇಲ್ಲಿ ನಕ್ಕು ಪುಸ್ತಕ ವಾಪಸು ಕೊಡುತ್ತಿದ್ದರು, ಇಲ್ಲವೇ ಬೈದು ಕಳಿಸುತ್ತಿದ್ದರು. ಇವರು ಮೊದಲಿನಿಂದ ಮತ್ತೆ ಪುಟ ತಿರುಗಿಸಿದರು. “ಇದು ಇಲಾಖೆ ಮುದ್ರೆ ಇರೋ ಪುಸ್ತಕ. ಇದರಲ್ಲಿ ಬರ್ದಿದ್ದೆಲ್ಲ ದಾಖಲೆ. ಚಪ್ಪಲಿ ಅಂತಿದೆ, ಹಳಿ ಕೂಡಿದೆ ಅಂತಿದೆ. ಇದೆಲ್ಲ ನಿಜಾನಾ?”

“ಎಲ್ಲಾ ನಿಜ ಸಾರ್. ಕಾಣದ್ದನ್ನ ನಾನು ಬರೆಯಲ್ಲ.”

“ಹಾಗಾದ್ರೆ ನಾಳೆ ನಾನೂ ನಿಮ್ ಜೊತೆ ನಡೀತೀನಿ. ಒಂದೊಂದಾಗಿ ನೋಡೋಣ,” ಎಂದರು. ಹೊರಗೆ ಬಂದ ಮೇಲೆ ಮೇಸ್ತ್ರಿ ಅವಳಿಗೆ ಹೇಳಿದ: ಹುಷಾರಕ್ಕ, ಮನಸ್ಸಿಗೆ ಬಾರದಿದ್ದರೆ ಲೈನಿನಿಂದ ತೆಗೆದು ರಸ್ತೆಯ ರೈಲ್ವೆ ಗೇಟಿಗೆ ಹಾಕುತ್ತಾರೆ. ಗೇಟು ಇರುವುದು ಲೈನಿನ ಇನ್ನೊಂದು ದಿಕ್ಕಿನಲ್ಲಿ, ಹನ್ನೊಂದು ಕಿಲೋಮೀಟರು ದೂರ. ಅಲ್ಲಿ ಗೇಟು ಹಾಕುವುದು, ತೆಗೆಯುವುದು, ಕಟ್ಟೆಯ ಮೇಲೆ ಕೂತಿರುವುದು. ಹಾಗಾದರೆ ೨೧೪/೬ಕ್ಕೆ ಹೋಗುವವರು ಯಾರು? ಅವಳು ಆ ದಿನ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರು ಡೈರಿ ಹಿಡಿದು ಹೊರಟರು. ಮೊದಲ ಕಲ್ಲಿನಲ್ಲಿ ನಿಂತು, ಕೋರ್ಟಿನಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದರು. “ಇನ್ನೂರ ಒಂಬತ್ತರ ಎರಡು. ಕಂಡದ್ದು: ಕಲ್ಲಿನ ನಂಬರು ಅರ್ಧ ಅಳಿಸಿದೆ. ಮಾಡಿದ್ದು: ಉಳಿದರ್ಧ ಓದಿದೆ.” ಬಗ್ಗಿ ನೋಡಿದರು. ನಂಬರು ಅರ್ಧ ಅಳಿಸಿತ್ತು. ಪೆನ್ಸಿಲಿನಿಂದ ಗುರುತು ಹಾಕಿ, “ಸರಿ, ನಡೀರಿ,” ಎಂದರು.

ಎಡಗಾಲಿನ ಚಪ್ಪಲಿ ಜಲ್ಲಿಯ ಮೇಲೆ ಹಾಗೇ ಬಿದ್ದಿತ್ತು. ಅವರು ಅದನ್ನು ತಿರುಗಿಸಿ ನೋಡಿದರು. “ಆರು ದಿನ ಹುಡುಕಿದ್ರಾ?”

“ಹೂಂ ಸಾರ್.”

“ಯಾಕೆ?”

“ಒಂದೇ ಇತ್ತಲ್ಲ ಸಾರ್.”

ಅವರು ಚಪ್ಪಲಿಯನ್ನು ಇದ್ದಲ್ಲೇ ಇಟ್ಟು ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವರ ಕಣ್ಣೂ ಹಳಿಯ ಎರಡೂ ಪಕ್ಕ ಹುಡುಕುತ್ತಿರುವುದನ್ನು ಅವಳು ಕಂಡಳು. ೨೧೧/೮ರಲ್ಲಿ, ಕೈ ಬೀಸಿದವರನ್ನು ಈಗ ಎಲ್ಲಿಂದ ತರುವುದು, ಎಂದು ಗೊಣಗಿಕೊಂಡು ಆ ಸಾಲಿಗೆ ಪ್ರಶ್ನೆಯ ಗುರುತು ಹಾಕಿದರು. ಅದೇ ಹೊತ್ತಿಗೆ ಒಂದು ಗಾಡಿ ಬಂತು. ಇಬ್ಬರೂ ಪಕ್ಕಕ್ಕೆ ಸರಿದು ನಿಂತರು. ಕೊನೆಯ ಬೋಗಿಯವರೆಗೂ ಕಿಟಕಿಗಳನ್ನೇ ನೋಡುತ್ತಿದ್ದ ಇನ್‌ಸ್ಪೆಕ್ಟರು, “ಇವತ್ತು ಯಾರೂ ಬೀಸಲಿಲ್ಲ,” ಎಂದು ಬೇಜಾರಿನಲ್ಲಿ ಹೇಳಿದರು. ೨೧೨/೧ರಲ್ಲಿ ಹಳಿಗಳು ದೂರದಲ್ಲಿ ಕೂಡಿರುವುದನ್ನು ನೋಡಿದರು, ನಡೆದು ಹೋಗಿ ಅಳತೆಪಟ್ಟಿ ಇಟ್ಟು ಕೂಡಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಹಿಂದೆ ತಿರುಗಿ, ತಾವು ನಿಂತಿದ್ದ ಜಾಗದಲ್ಲಿ ಈಗ ಹಳಿಗಳು ಕೂಡಿರುವುದನ್ನು ಕಂಡು, ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಇದೂ ಬರೀಬಹುದಿತ್ತು ನೀವು.”

“ಬರ್ದಿದೀನಿ ಸಾರ್. ಮುಂದಿನ ಪುಟದಲ್ಲಿದೆ.”

ಆ ಬೆಳಿಗ್ಗೆ ಸುತ್ತಿಗೆಯಕ್ಕನಿಗೆ ಆದ ಸಂತೋಷವನ್ನು ಹೇಗೆ ಹೇಳುವುದು! ತಪ್ಪು ಹುಡುಕಲು ಬಂದ ಮನುಷ್ಯ, ನಿಜ. ಆದರೆ ಸಾಲು ಓದಿ, ಕಲ್ಲು ನೋಡಿ, ಮುಂದಿನ ಸಾಲಿಗೆ ನಡೆದು ಹೋಗುವ ಓದುಗ ಈ ಭೂಮಿಯ ಮೇಲೆ ಅವಳಿಗೆ ಬೇರೆ ಯಾರಿದ್ದರು? ೨೧೩/೩ರಲ್ಲಿ “ಕಂಡದ್ದು: ಕೀ ಸಡಿಲ. ಮಾಡಿದ್ದು: ಹೊಡೆದೆ. ಸದ್ದಿಗೆ ಯಾರೂ ತಿರುಗಲಿಲ್ಲ” ಎಂದಿತ್ತು. ಇನ್‌ಸ್ಪೆಕ್ಟರು ಅದನ್ನು ಓದಿ, “ಹೊಡೀರಿ,” ಎಂದರು. ಅವಳು ಹೊಡೆದಳು. ಟಣ್ ಎಂದಿತು. ಅವರು ಬೇಕೆಂದೇ ಆ ಕಡೆ ಮುಖ ಮಾಡಿ ನಿಂತಿದ್ದವರು, ಸದ್ದಿಗೆ ತಿರುಗಿದರು. ತಿರುಗಿ, ಏನೋ ನಾಚಿಕೆಯಾದವರಂತೆ ಡೈರಿ ನೋಡತೊಡಗಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ೨೧೪/೬ಕ್ಕೆ ಇನ್ನು ಒಂದು ಕಿಲೋಮೀಟರು ಚಿಲ್ಲರೆ ಇತ್ತು.

೨೧೪/೬ಕ್ಕೆ ಬಂದಾಗ ಅವರು ಆ ಸಾಲನ್ನು ಮೆಲ್ಲಗೆ ಓದಿದರು. ಸ್ಲೀಪರುಗಳ ರಾಶಿಯನ್ನು ನೋಡಿದರು, ಅವಳನ್ನು ನೋಡಿದರು. ಅವಳು ಅವರನ್ನು ನೋಡಲಿಲ್ಲ. ಗಂಡ ಕೂತಿದ್ದ, ದಿನದ ಜಾಗದಲ್ಲಿ, ದಿನದ ಹಾಗೆ ಸೇತುವೆಯ ಕಡೆಗೆ ಮುಖ ಮಾಡಿ.

“ಈಗ ಕಾಣ್ತಿದಾರಾ?”

“ಹೂಂ ಸಾರ್.”

ಇನ್‌ಸ್ಪೆಕ್ಟರು ಜಲ್ಲಿಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತರು. ಸ್ಲೀಪರುಗಳ ಮೇಲೆ ಕೂರಬಹುದಿತ್ತು, ಕೂರಲಿಲ್ಲ. ಅಷ್ಟು ಮರ್ಯಾದೆ ಇತ್ತು ಅವರಿಗೆ. “ನಲವತ್ತು ಸಾಲು ನೋಡಿದೆ. ಒಂದು ಪ್ರಶ್ನೆ ಗುರುತು ಬಿಟ್ರೆ ಎಲ್ಲಾ ಇದೆ. ಇಷ್ಟು ಸರಿಯಾಗಿ ನೋಡೋ ಕೀಮ್ಯಾನನ್ನ ನನ್ನ ಸರ್ವೀಸಲ್ಲಿ ಕಂಡಿಲ್ಲ,” ಎಂದರು. “ಅದಕ್ಕೇ ಕಷ್ಟ. ಇಲ್ಲದ್ದನ್ನ ಕಾಣೋರು ನಾಳೆ ಇರೋ ಬಿರುಕನ್ನ ಕಾಣದೆ ಹೋದ್ರೆ? ಗಾಡೀಲಿ ಸಾವಿರ ಜನ ಇರ್ತಾರೆ. ನಾನು ಯಾರಿಗೆ ಏನು ಹೇಳ್ಲಿ?”

“ಹದಿನೈದು ವರ್ಷದಲ್ಲಿ ಒಂದು ಕೀ ತಪ್ಪಿಲ್ಲ ಸಾರ್.”

“ಗೊತ್ತು. ಅದಕ್ಕೇ ಒಂದು ದಾರಿ ಹೇಳ್ತೀನಿ. ಈ ಇಪ್ಪತ್ತಾರು ಸಾಲನ್ನ ಅಡ್ಡಗೀಟು ಹಾಕಿ ಹೊಡೆದುಹಾಕಿ. ಪ್ರತಿಯೊಂದರ ಪಕ್ಕ ‘ಕಾಣಲಿಲ್ಲ’ ಅಂತ ಬರೆದು ರುಜು ಮಾಡಿ. ತಪ್ಪಿ ಬರೆದದ್ದು ಅಂತ ನಾನು ಷರಾ ಹಾಕ್ತೀನಿ. ಪುಸ್ತಕ ನೀವೇ ಇಟ್ಕೊಳಿ, ಲೈನೂ ನಿಮ್ಮದೇ. ಇಲ್ಲ ಅಂದ್ರೆ ನಾಳೆಯಿಂದ ಗೇಟು.”

ಅವಳು ಗಂಡನ ಕಡೆ ನೋಡಿದಳು. ಆತ ಏನೂ ಹೇಳಲಿಲ್ಲ. ಎಂದೂ ಹೇಳದವನು ಅಂದು ಹೇಳುತ್ತಾನೆಯೇ? ಗೇಟಿಗೆ ಹೋದರೆ ಈತ ಇಲ್ಲಿ ಒಬ್ಬನೇ ಕೂತಿರಬೇಕು. ಹೊಸ ಕೀಮ್ಯಾನ್ ಬಂದು, ಗೊತ್ತಿಲ್ಲದೆ ಈತನ ಮೇಲೆಯೇ ಕೂತುಬಿಡುತ್ತಾನೆ. ಗೀಟು ಹಾಕಿದರೆ ಏನಾಯಿತು, ಬರೀ ಶಾಯಿ. ಕಾಗದದ ಮಾತು ಕಾಗದಕ್ಕೆ, ನಮ್ಮ ಮಾತು ನಮಗೆ. ದಿನಾ ಬರುತ್ತೇನಲ್ಲ, ಅದಕ್ಕಾಗಿಯೇ ತಾನೇ ಇದೆಲ್ಲ, ಎಂದು ಮನಸ್ಸಿನಲ್ಲೇ ಆತನಿಗೆ ಹೇಳಿದಳು. ಪೆನ್ನು ಇಸಿದುಕೊಂಡು ಎಂದಿನಂತೆ ಆತನ ಪಕ್ಕದಲ್ಲಿ ಕೂತಳು.

ಇಪ್ಪತ್ತಾರು ಗೀಟು. ಇಪ್ಪತ್ತಾರು ಸಲ ‘ಕಾಣಲಿಲ್ಲ’. ಇಪ್ಪತ್ತಾರು ರುಜು, ಯಾರೂ ಕರೆಯದ ಆ ಹೆಸರಿನಲ್ಲಿ. ಮೊದಲ ನಾಲ್ಕೈದನ್ನು ಒಂದೊಂದೇ ಅಕ್ಷರ ನೋಡಿ ಬರೆದಳು. ಹತ್ತು ದಾಟಿದ ಮೇಲೆ ನೋಡಲಿಲ್ಲ. ಕೆಲಸ ಕೆಲಸವೇ, ಬರೆಯುತ್ತಾ ಹೋದರೆ ಅಕ್ಷರ ತಾನಾಗಿ ಬೀಳುತ್ತದೆ. ಇಪ್ಪತ್ತಾರನೆಯದನ್ನು ಮುಗಿಸಿ ಪುಸ್ತಕವನ್ನು ಇನ್‌ಸ್ಪೆಕ್ಟರಿಗೆ ಕೊಟ್ಟಳು. ಅವರು ಒಂದೊಂದನ್ನೂ ನೋಡಿ, ಕೆಳಗೆ ಷರಾ ಬರೆದು, ಎರಡು ಕೈಯಲ್ಲೂ ಹಿಡಿದು ಪುಸ್ತಕ ವಾಪಸು ಕೊಟ್ಟರು. “ಬರೆಯೋದು ನಿಲ್ಲಿಸ್ಬೇಡಿ. ಬೇರೆ ನೋಟ್‌ಬುಕ್ ತಗೊಳ್ಳಿ,” ಎಂದರು. ಸೇತುವೆಯವರೆಗೂ ಜೊತೆಗೆ ಬಂದರು. ಅವಳು ಹಿಂದೆ ತಿರುಗಿ ನೋಡಲಿಲ್ಲ, ಸಾಹೇಬರು ಪಕ್ಕದಲ್ಲಿದ್ದರಲ್ಲ. ಎಡಗಡೆಯ ಹಳಿ ಹಿಡಿದು ವಾಪಸು ಬರುವಾಗಲೂ ತಲೆ ತಗ್ಗಿಸಿಕೊಂಡೇ ನಡೆದಳು.

ಮಾರನೆಯ ದಿನ ಅವಳು ಬೇಗ ಹೊರಟಳು. ಕೀಗಳನ್ನು ಒಂದೂ ಬಿಡದೆ ನೋಡಿದಳು. ಮನಸ್ಸು ಎಲ್ಲಿದ್ದರೂ ಕೈ ತಪ್ಪುವವಳಲ್ಲ. ಕ್ಷಮೆ ಕೇಳಬೇಕೆಂದುಕೊಂಡಿದ್ದಳು. ಆತನ ಹತ್ತಿರ ಬಾಯಿ ಬಿಟ್ಟು ಮಾತಾಡಿ ಹದಿನಾರು ವರ್ಷವಾಗಿತ್ತು, ಅಂದು ಮಾತಾಡೋಣವೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಳು.

೨೧೪/೬ರಲ್ಲಿ ಯಾರೂ ಇರಲಿಲ್ಲ.

ಅವಳು ಕಾದಳು. ತನ್ನ ಜಾಗದಲ್ಲಿ ಕೂತು, ಪಕ್ಕದ ಜಾಗ ಬಿಟ್ಟು, ಒಂದು ಗಾಡಿ ಹೋಗುವವರೆಗೆ ಕಾದಳು. ಇನ್ನೊಂದು ಗಾಡಿ ಹೋಗುವವರೆಗೆ ಕಾದಳು. ಕೊನೆಗೆ ಕೈ ಚಾಚಿ ಆತ ಕೂರುತ್ತಿದ್ದ ಜಾಗವನ್ನು ಮುಟ್ಟಿದಳು. ಬಿಸಿಲಿಗೆ ಕಾದ ಮರ, ಬಿರುಕಿನಲ್ಲಿ ಇರುವೆ. ಅಷ್ಟೇ ಇತ್ತು. ಹನ್ನೆರಡು ವರ್ಷದಲ್ಲಿ ಅವಳು ಆ ಜಾಗವನ್ನು ಮುಟ್ಟಿರಲಿಲ್ಲ. ಡಬ್ಬಿ ಬಿಚ್ಚಲಿಲ್ಲ. ಸೇತುವೆ ಮುಟ್ಟಿ, ಎಡಗಡೆಯ ಹಳಿ ಪೂರ್ತಿ ನೋಡಿ, ಎಂದಿಗಿಂತ ಒಂದು ಗಂಟೆ ತಡವಾಗಿ ಶೆಡ್ಡಿಗೆ ಬಂದಳು.

ಶೆಡ್ಡಿನ ಬೆಂಚಿನ ಮೇಲೆ ಮೇಸ್ತ್ರಿ ಒಬ್ಬನೇ ಕೂತು ಬಾವುಟ ಮಡಿಸುತ್ತಿದ್ದ. ಅವಳ ಮುಖ ನೋಡಿ ಎದ್ದುನಿಂತ. “ಯಾಕಕ್ಕ, ಲೇಟಾಯ್ತು? ಏನಾಯ್ತು?”

ಅವಳು ಸುತ್ತಿಗೆಯನ್ನು ಗೂಟಕ್ಕೆ ತಗುಲಿಹಾಕಿದಳು. “ನಮ್ಮೋರು ಹೋಗ್ಬಿಟ್ರು ಮೇಸ್ತ್ರಿ,” ಎಂದಳು.

“ಯಾವಾಗ?” ಎಂದುಬಿಟ್ಟ ಮೇಸ್ತ್ರಿ. ಆತನ ಹೆಣಕ್ಕೆ ಹೆಗಲು ಕೊಟ್ಟವನು ಅವನೇ.

“ನಿನ್ನೆ. ನಾನೇ ರುಜು ಹಾಕಿ ಕಳಿಸ್ದೆ.”

ಹಾಗೆಂದು ಬೆಂಚಿನ ಮೇಲೆ ಕುಸಿದು ಕೂತು, ಗಂಡ ಸತ್ತ ಹದಿನಾರು ವರ್ಷದ ಮೇಲೆ, ಸುತ್ತಿಗೆಯಕ್ಕ ಬಾಯಿಬಿಟ್ಟು ಅತ್ತಳು. ಮೇಸ್ತ್ರಿ ಕೈಯಲ್ಲಿದ್ದ ಬಾವುಟ ಕೆಳಗಿಟ್ಟು, ಹೋಗಿ ಅವಳಿಗೆ ಕುಡಿಯಲು ನೀರು ತಂದ.